ಹೂ ಮುಡಿದ ರೋಗಿ

ಡಾಕ್ಟರ ಬಳಿ ಹೋಗುವಾಗ ಹೆಂಗಸರು ಹೂ ಮುಡಿಯಬಾರದು, ನೀಟಾಗಿ ತಲೆ ಬಾಚಬಾರದು, ಒಳ್ಳೆ ಸೀರೆ ಉಡಬಾರದು. ಹಾಗೆ ಹೋದರೆ ಹೊಟ್ಟೆಗೆ ಬೆಂಕಿ ಬಿದ್ದಿದ್ದರೂ ನಂಬುವವರಿಲ್ಲ. ಇದನ್ನು ನಾನು ಅಂಬುಜಾಳ ಬದುಕು ನೋಡಿ ಕಲಿತೆ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಯಾರಿಗಾದರೂ ಚುಚ್ಚಿದರೆ ಚುಚ್ಚಲಿ.

ಅಂಬುಜಾ ನಮ್ಮ ಕೆಳಗಿನ ಮನೆಯವಳು. ಮಹಾಲ್‌ನ ಗಲ್ಲಿಯೊಂದರ ಹಳೇ ವಾಡೆಯಲ್ಲಿ ಮೇಲೆ ನಾವು, ಕೆಳಗೆ ಅವಳು, ಗಂಡ ಹಯವದನ, ಅತ್ತೆ ಸೀತಾಲಕ್ಷ್ಮಿ. ಅವರು ಬಾಗಲಕೋಟೆ ಕಡೆಯವರು, ನಾನು ಹುಬ್ಬಳ್ಳಿಯವಳು. ಮರಾಠಿ ಮಾತಿನ ಈ ಪರಊರಿನಲ್ಲಿ ಅಷ್ಟೇ ಸಾಕು, ಅಂಬುಜಾ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯತೊಡಗಿದಳು. ಹಯವದನನಿಗೆ ಸೀತಾಬರ್ಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಬುಜಾ ಡಬ್ಬಿ ಊಟ ಕಟ್ಟಿ ಕಳಿಸುತ್ತಾಳೆ. ಜೋಳದ ಭಕ್ರಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ. ರಾಮದಾಸಪೇಠದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರೇ ಅವಳ ಗಿರಾಕಿಗಳು. ತಿಂಗಳಿಗೊಮ್ಮೆ ಮೂರು ದಿನ ಡಬ್ಬಿ ಬಂದ್ ಇರುತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಸೀತಾಲಕ್ಷ್ಮಮ್ಮನ ಮನೆಯಲ್ಲಿ ಮಡಿ. ಮುಟ್ಟಾದ ಸೊಸೆಗೆ ಹಿಂದಿನ ಕೋಣೆ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ತಂಬಿಗೆ. ಒಲೆ ಮುಟ್ಟುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಅತ್ತೆ ತಟ್ಟೆಯನ್ನು ದೂರದಿಂದ ನೆಲದ ಮೇಲೆ ಸರಿಸುತ್ತಿದ್ದರು. ‘ಹೊರಗೆ ಕೂರುವುದು’ ಎನ್ನುತ್ತಾರೆ ಇದಕ್ಕೆ. ಆದರೆ ಅಂಬುಜಾ ಎಲ್ಲಿ ಕೂತಿರುತ್ತಿದ್ದಳು? ಹೊರಳಾಡುತ್ತಿದ್ದಳು. ಕೂಗು ಕೇಳಿಸಬಾರದೆಂದು ಬಾಯಿಗೆ ಟವೆಲ್ ತುರುಕಿಕೊಳ್ಳುತ್ತಿದ್ದಳು, ಆದರೂ ಮಹಡಿಯ ಮೇಲಿದ್ದ ನನಗೆ ಕೇಳುತ್ತಿತ್ತು. ಏನಾಯಿತೆಂದು ಇಳಿದು ಹೋದರೆ ಅತ್ತೆಯ ಉತ್ತರ ಒಂದೇ: “ಏನಿಲ್ಲವಾ, ಹೊರಗ ಕೂತಾಳ.”

ಆಸ್ಪತ್ರೆಗೆ ಹೋಗಲಿಲ್ಲವೇ ಎಂದು ಕೇಳಬೇಡಿ. ಮದುವೆಯಾದ ವರ್ಷದಿಂದ ಆರು ವರ್ಷ ಒಬ್ಬರೇ ದೊಡ್ಡ ಡಾಕ್ಟರ ಬಾಗಿಲು ತುಳಿದರು. ಆದರೆ ಮೈಲಿಗೆಯಲ್ಲಿ ಮನೆಯಿಂದ ಹೊರಡುವಂತಿಲ್ಲವಲ್ಲ! ತಲೆಗೆ ನೀರು ಹಾಕಿಕೊಂಡು ಶುದ್ಧವಾದ ಮೇಲೆಯೇ ಆಟೋ ಹತ್ತಬೇಕು. ಅತ್ತೆಯೇ ಸೊಸೆಯ ಹೆರಳಿಗೆ ಮಲ್ಲಿಗೆ ಮುಡಿಸುತ್ತಿದ್ದರು. ಅಷ್ಟು ಹೊತ್ತಿಗೆ ನೋವು ಇಳಿದಿರುತ್ತಿತ್ತು. ಡಾಕ್ಟರ ಎದುರು ಹೋಗಿ ಕೂರುತ್ತಿದ್ದವಳು ಕುಂಕುಮವಿಟ್ಟ, ಲಕ್ಷಣವಾದ, ನಾಚುವ ಹುಡುಗಿ.

ಮೊದಲ ವರ್ಷ ಅವರು ಒಮ್ಮೆ ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲ. ಅಲ್ಲಿಗೆ ಅವರ ವಿದ್ಯೆ ಮುಗಿಯಿತು. ಆಮೇಲೆಲ್ಲ ಅದೇ ಹಳೇ ಸ್ಕ್ಯಾನು, ಅದೇ ನೋವಿನ ಗುಳಿಗೆ, ಅದೇ ಮಾತು. ಎಲ್ಲ ಹೆಂಗಸರಿಗೂ ಇರುವುದೇ, ಒಂದು ಮಗುವಾದರೆ ಹೋಗುತ್ತದೆ. ಮಗುವೇ ಆಗುತ್ತಿಲ್ಲವಲ್ಲ ಸಾಹೇಬರೇ ಎಂದರೆ, ಟೆನ್ಷನ್ ಬಿಡಿ ಎಂದು ನಿದ್ದೆ ಗುಳಿಗೆ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಮ್ಮೆಯಾದರೂ ನೋವಿನ ದಿನವೇ ಬಾ ಎನ್ನಲಿಲ್ಲ. ಮತ್ತೊಬ್ಬರಿಗೆ ತೋರಿಸು ಎನ್ನಲಿಲ್ಲ. ಇತ್ತ ನೆಂಟರಿಷ್ಟರು ಅಂಬುಜಾಳನ್ನು ಬಂಜೆ ಎನ್ನತೊಡಗಿದ್ದರು.

ಕೊನೆಗೆ ಕೇಳಿದವಳು ಡಬ್ಬಿ ಊಟದ ಹುಡುಗಿ ಹರ್ಷಿತಾ, ಬೆಂಗಳೂರಿನಿಂದ ಬಂದ ಎಳೆ ಡಾಕ್ಟರು. “ಆಂಟಿ, ಪ್ರತಿ ತಿಂಗಳೂ ಯಾಕೆ ಬಂದ್ ಮಾಡ್ತಾರೆ?” ಎಂದು ನನ್ನನ್ನೇ ಕೇಳಿದಳು. ನಾನು ಬಾಯಿಬಿಟ್ಟೆ. ಮುಂದಿನ ತಿಂಗಳು ಹುಡುಗಿ ನೇರ ಹಿಂದಿನ ಕೋಣೆಗೇ ನುಗ್ಗಿದಳು. ಅಂಬುಜಾಳ ಹೊಟ್ಟೆ ಮುಟ್ಟಿ ನೋಡಿ, ಈಗಲೇ ಹೊರಡಬೇಕು ಎಂದಳು.

“ನಾಳೆ ಒಂದಿನ ತಡೀರಿ, ನೀರ ಹಾಕ್ಕೊಂಡು ಬರ್ತಾಳ,” ಎಂದರು ಸೀತಾಲಕ್ಷ್ಮಮ್ಮ.

ಹಯವದನ ತಾಯಿಯ ಕಡೆ ನೋಡಲೂ ಇಲ್ಲ. ಹೆಂಡತಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದ. ಆ ಬುದ್ಧಿ ಆರು ವರ್ಷ ಮೊದಲು ಬಂದಿದ್ದರೆ!

ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದೇ ಹೊರಗಡೆಯೂ ಬೆಳೆದು, ತಿಂಗಳು ತಿಂಗಳು ಒಳಗೊಳಗೇ ರಕ್ತ ಸುರಿಸುವ ರೋಗ. ಮೊದಲೇ ಹಿಡಿದಿದ್ದರೆ ಮಗುವಿಗೆ ದಾರಿ ಇರುತ್ತಿತ್ತಂತೆ. ಈಗ ಅಂಡಾಶಯಗಳೆರಡೂ ಹಾಳಾಗಿದ್ದವು, ಗರ್ಭಕೋಶ ಕರುಳಿಗೆ ಅಂಟಿಕೊಂಡಿತ್ತು. ಕರುಳು ಉಳಿಸುವುದಕ್ಕೆ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಅವಳಿಗಾಗ ಮೂವತ್ತೊಂದು.

ಮನೆಗೆ ಬಂದವಳು ಅಳಲಿಲ್ಲ. “ವೈನಿ, ನಾ ಕೇಸ್ ಹಾಕ್ತೀನಿ,” ಎಂದಳು. “ರೊಕ್ಕಕ್ಕಲ್ಲ. ನಾ ನಾಟಕ ಮಾಡಿದ್ದಿಲ್ಲ, ನನ್ನ ನೋವು ಖರೇ ಇತ್ತು, ಅಂತ ಯಾರರ ಹೇಳಬೇಕು. ಆ ಡಾಕ್ಟರ ಮುಂದನ ಹೇಳಬೇಕು.”

ಗ್ರಾಹಕ ಆಯೋಗದಲ್ಲಿ ದೂರು ಬಿತ್ತು. ಅವಳ ವಕೀಲ ಸಿದ್ದೇಶ ಬುದ್ಧಿವಂತ. ಹೊರಗೆ ಕೂರಿಸಿದ ಸುದ್ದಿ ಎತ್ತಲೇಬೇಡಿ, ತಡಮಾಡಿದ್ದು ನೀವೇ ಎಂದು ಅವರು ತಿರುಗಿಸುತ್ತಾರೆ, ನೋವಿನ ದಿನಗಳಲ್ಲೂ ಹೋಗಿದ್ದೆವು ಎಂದುಬಿಡಿ, ವಿಚಾರಣೆಗೆ ಬರುವಾಗ ಸಾದಾ ಬನ್ನಿ ಎಂದ. ಅಂಬುಜಾ ಬೇಕೆಂದೇ ಮೊಳ ಹೂ ಮುಡಿದು ಹೋದಳು. ಜೊತೆಗೆ ನಾನೂ ಹೋದೆ.

ಡಾಕ್ಟರ ವಕೀಲ ಅವಳ ತಲೆ ಕಡೆಗೇ ಕೈ ತೋರಿಸಿದ. ನೋಡಿ, ಈಕೆ ಪ್ರತಿ ಸಲ ಹೀಗೇ ಬರುತ್ತಿದ್ದಳು. ನರಳುವವರು ಹೂ ಮುಡಿಯುತ್ತಾರೆಯೇ? ಡಾಕ್ಟರು ಕಂಡದ್ದಕ್ಕಲ್ಲವೇ ಮದ್ದು ಕೊಡುವುದು? ನನಗೆ ಎದ್ದು ಹೋಗಿ ಅವನ ಕಾಲರ್ ಹಿಡಿಯಬೇಕೆನಿಸಿತು.

ಸೀತಾಲಕ್ಷ್ಮಮ್ಮನ ಸರದಿ ಬಂತು. ಅವರು ಒಂದು ಸುಳ್ಳು ಹೇಳಿದರೆ ಸಾಕಿತ್ತು, ನಿಜ ಹೇಳಿದರೆ ಸೊಸೆಯ ಕೇಸು ಮುಳುಗಬಹುದಿತ್ತು. ಮನೆಯಲ್ಲೂ ಮುಟ್ಟು ಎಂಬ ಮಾತೆತ್ತದ ಹೆಂಗಸು, ಅಷ್ಟು ಗಂಡಸರ ಎದುರು ಸೆರಗು ಬಿಗಿದು ನಿಂತು, ಮರಾಠಿಯಲ್ಲಿ ಶುರುಮಾಡಿದರು.

“ನೋವಿದ್ದಾಗ ಕರಕೊಂಡು ಹೋಗಲಿಲ್ಲ. ಹೂವನ್ನು ಮುಡಿಸಿದವಳೂ ನಾನೇ. ಹಿಂದಿನ ಕೋಣೆಯಲ್ಲಿ ಕೂರಿಸಿದವಳೂ ನಾನೇ.” ಸಿದ್ದೇಶ ಹಣೆ ಹಿಡಿದುಕೊಂಡ. “ಆದರೆ ಪ್ರತಿ ಸಲ ಇವರ ಮುಂದೆ ಹೇಳಿದ್ದೇನೆ, ಮೂರು ದಿನ ಟವೆಲ್ ಕಚ್ಚಿ ಬಿದ್ದಿರುತ್ತಾಳೆ ಅಂತ. ಎಲ್ಲ ಹೆಂಗಸರಿಗೂ ಇರುತ್ತದೆ ಅಂದರು. ನಾನೂ ಅವಳಿಗೆ ಅದನ್ನೇ ಹೇಳುತ್ತಿದ್ದೆ. ನಾನು ಹೇಳುವುದನ್ನೇ ಹೇಳುವುದಕ್ಕೆ ಡಾಕ್ಟರು ಯಾಕೆ ಬೇಕು? ನಾನು ಓದಿಲ್ಲ. ಇವರು ಓದಿದ್ದಾರಲ್ಲ?”

ಡಾಕ್ಟರು ಮೊಬೈಲ್ ನೋಡುತ್ತಿದ್ದರು, ತಲೆ ಎತ್ತಲಿಲ್ಲ.

ತೀರ್ಪು ಬಂತು. ರೋಗಿಯ ನೋವು ನಿಜವಾಗಿತ್ತು, ಹೇಳಿದರೂ ಕೇಳದೇ ಇದ್ದದ್ದು ನಿರ್ಲಕ್ಷ್ಯ, ಮನೆಯವರ ಮಡಿ ಅದಕ್ಕೆ ನೆಪವಾಗದು ಎಂದರು. ಅಂಬುಜಾಳಿಗೆ ಬೇಕಾಗಿದ್ದ ಮಾತು ಸಿಕ್ಕಿತು. ಡಾಕ್ಟರು ಮೇಲ್ಮನವಿ ಹಾಕಿದ್ದಾರೆ. ಅವರ ಬಾಗಿಲಲ್ಲಿ ಈಗಲೂ ರೋಗಿಗಳಿಗೆ ಕೂರಲು ಜಾಗವಿಲ್ಲ, ಎಷ್ಟು ಹೊಟ್ಟೆ ಉರಿಯುತ್ತದೆ ಗೊತ್ತೇ?

ಮುಟ್ಟೇ ನಿಂತ ಮೇಲೆ ಈಗ ಡಬ್ಬಿ ಬಂದ್ ಮಾಡುವ ಕಾರಣವೇ ಇಲ್ಲ. ಆದರೂ ತೀರ್ಪು ಬಂದ ಮರುದಿನ ಅಂಬುಜಾ, “ನಾ ಮೂರು ದಿನ ಹೊರಗ ಕೂಡ್ತೀನಿ” ಎಂದು ಘೋಷಿಸಿ ಪಡಸಾಲೆಯ ಜೋಕಾಲಿಯ ಮೇಲೆ ಕೂತುಬಿಟ್ಟಳು. ಕೇಸಿನ ಸುದ್ದಿ ಮಾತಾಡಲು ನಾನು ಕೆಳಗೆ ಬಂದಿದ್ದೆ. ಸೀತಾಲಕ್ಷ್ಮಮ್ಮ ತಾವೇ ಭಕ್ರಿ ಬಡಿದರು. ತಟ್ಟೆ ತಂದರು. ಹಳೇ ರೂಢಿ, ದೂರದಲ್ಲೇ ಬಗ್ಗಿ ನೆಲಕ್ಕಿಟ್ಟು ಸರಿಸಿದರು.

ಅಂಬುಜಾ ಕಾಲಿನಿಂದ ತಟ್ಟೆಯನ್ನು ತಿರುಗಿ ತಳ್ಳಿದಳು.

“ಅತ್ತಿಯವರ, ನನ್ನೊಳಗ ಇನ್ನೇನು ಉಳದದ ಅಂತ ದೂರ ಇಡ್ತೀರಿ?”

ಮುದುಕಿ ಬಗ್ಗಿ ತಟ್ಟೆ ಎತ್ತಿಕೊಂಡು ಬಂದು ಸೊಸೆಯ ಕೈಯಲ್ಲಿಟ್ಟರು. ಅಂಬುಜಾ ಅವರ ಮುಖ ನೋಡದೆ ಉಂಡಳು.