ಫ್ಯಾನಿನಲ್ಲಿ ಸಿಕ್ಕ ಕುಂಕುಮ

ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದೆ. ಮಗಳು ಫೋನು ಹಿಡಿದುಕೊಂಡೇ ಬಂದು, ಕಾಲೇಜಿನವರು ನಾಳಿದ್ದು ಸಂದರ್ಶನಕ್ಕೆ ಕರೆದಿದ್ದಾರೆ, ಲ್ಯಾಪ್‌ಟಾಪಿನಲ್ಲೇ ಮಾತಾಡಬೇಕಂತೆ ಎಂದಳು. ಮೇಷ್ಟ್ರ ಕೆಲಸಕ್ಕೆ ಅವಳು ಎಷ್ಟು ಕಡೆ ಅರ್ಜಿ ಹಾಕಿದ್ದಳೋ. ದೇವರು ಕಣ್ಣು ಬಿಟ್ಟ ಅಂದುಕೊಳ್ಳುವಷ್ಟರಲ್ಲಿ ಅವಳೇ ಹೇಳಿದಳು: "ಅಪ್ಪನ ಲ್ಯಾಪ್‌ಟಾಪ್ ಹಿಂಗೇ ಇದ್ರೆ ಆಗಲ್ಲಮ್ಮ. ಮಾತಿನ ಮಧ್ಯೆ ನಿಂತೋಗತ್ತೆ. ಇವತ್ತು ಬಿಚ್ಲೇಬೇಕು."

ನನ್ನ ಬೆರಳ ನಡುವಿನ ಕಾಳು ಸಿಪ್ಪೆ ಸಮೇತ ಬೇಳೆಯ ಪಾತ್ರೆಗೆ ಬಿತ್ತು.

ಆ ಲ್ಯಾಪ್‌ಟಾಪ್ ನಮ್ಮವರದು. ಮುದ್ರಣಾಲಯದ ಕೆಲಸದಿಂದ ನಿವೃತ್ತರಾದ ಮೇಲೆ ಚಾಮರಾಜಪೇಟೆಯ ನಮ್ಮ ಬೀದಿಯವರಿಗೆಲ್ಲ ಮದುವೆ, ಗೃಹಪ್ರವೇಶದ ಕರೆಯೋಲೆಗಳನ್ನು ಅದರಲ್ಲೇ ಮಾಡಿಕೊಡುತ್ತಿದ್ದರು. ನಡುಮನೆಯಲ್ಲಿ ಪ್ಲಗ್ ಇದ್ದದ್ದು ದೇವರಮನೆಯ ಪಕ್ಕ, ಹಾಗಾಗಿ ಮೇಜೂ ಅಲ್ಲೇ. ಆಯುಧಪೂಜೆಯ ದಿನ ಮೊದಲು ಅದಕ್ಕೆ ಪೂಜೆ, ಆಮೇಲೆ ಸ್ಕೂಟರಿಗೆ. ಮುಚ್ಚಳಕ್ಕೆ ಕುಂಕುಮ ಇಟ್ಟರೆ ಅವರಿಗೆ ಸಾಲದು, ತೆರೆದು ಅಕ್ಷರಗಳ ಮೇಲೆಲ್ಲ ಕುಂಕುಮ, ಅಕ್ಷತೆ ಹಾಕಬೇಕು. ಹಾಳಾಗತ್ತೆ ಬಿಡಪ್ಪ ಎಂದು ಮಗಳು ಗೊಣಗಿದರೆ, "ದುಡಿಯೋ ಎತ್ತಿಗೆ ಬರೀ ಕೊಂಬಿಗಷ್ಟೇ ಪೂಜೆ ಮಾಡ್ತಾರೇನೆ?" ಎನ್ನುತ್ತಿದ್ದರು. ಊರು ಬಿಟ್ಟು ಎಷ್ಟು ಕಾಲವಾದರೂ ಊರಿನ ಬುದ್ಧಿ ಬಿಟ್ಟಿರಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಅವರ ಶ್ವಾಸಕೋಶ ಸೋತಿತು. ಆಮ್ಲಜನಕದ ಯಂತ್ರವನ್ನು ಬಾಡಿಗೆಗೆ ತಂದು ನಡುಮನೆಯಲ್ಲೇ ಇಟ್ಟಿದ್ದೆವು. ಹಗಲೂ ರಾತ್ರಿ ಅದರ ಗುಂಯ್ ಎನ್ನುವ ಸದ್ದು. ಮನೆಯಲ್ಲೇ, ದೇವರ ದೀಪ ಕಾಣುವ ಕಡೆ ಮುಖ ಮಾಡಿ ಹೋದರು. ಅಷ್ಟು ಕರುಣೆಯನ್ನು ದೇವರು ತೋರಿಸಿದ. ಯಂತ್ರವನ್ನು ಬಾಡಿಗೆಯವರು ಬಂದು ಒಯ್ದರು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ಒಲೆಯ ಮುಂದೆ ನಿಂತಿದ್ದೆ. ನಡುಮನೆಯಿಂದ ಅದೇ ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಏರುತ್ತಾ, ನಡುವೆ ಒಮ್ಮೆ ತಡವರಿಸಿ, ಮತ್ತೆ. ಸೌಟು ಹಿಡಿದೇ ಓಡಿದೆ. ಮಗಳು ಆ ಲ್ಯಾಪ್‌ಟಾಪ್ ಮುಂದೆ, ಅದು ತೆರೆದುಕೊಳ್ಳುವುದನ್ನೇ ಕಾಯುತ್ತಾ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು.

ಒಳಗಿನ ಫ್ಯಾನಿನ ಸದ್ದು ಅದು. ಅಷ್ಟು ತಿಳಿಯದ ದಡ್ಡಿಯಲ್ಲ ನಾನು. ಆದರೂ ಅಂದಿನಿಂದ ಸಂಜೆ ದೀಪ ಹಚ್ಚುವಾಗ ಆ ಕಡೆ ತಿರುಗುತ್ತಿರಲಿಲ್ಲ. ತಿರುಗದಿದ್ದರೆ ಅವರು ಅಲ್ಲೇ ಇದ್ದಾರೆ. ಬೆನ್ನು ಹಾಕಿಕೊಂಡೇ, ನಾಳೆ ತಿಂಡಿಗೇನು ಮಾಡಲಿ ಎಂದು ಕೇಳುತ್ತಿದ್ದೆ. ಏನಾದರೂ ಮಾಡಮ್ಮ ಎಂದು ಮಗಳು ಹೇಳುತ್ತಿದ್ದಳು.

ಸಂದರ್ಶನಕ್ಕೆ ಒಂದು ದಿನದ ಮಟ್ಟಿಗೆ ಪಕ್ಕದ ಮನೆಯವರ ಲ್ಯಾಪ್‌ಟಾಪನ್ನು ಕೇಳಿ ತರೋಣ ಎಂದೆ. ಅವಳು ನನ್ನ ಮುಖ ನೋಡಿ, "ಕೊನೇ ಗಳಿಗೇಲಿ ಅವರು ಇಲ್ಲ ಅಂದ್ರೆ? ಕೆಲಸ ಬೇಡ್ವಾಮ್ಮ ನಂಗೆ?" ಎಂದಳು. ಬೇಕಿತ್ತು. ಅವಳಿಗೂ, ನನಗೂ.

ಹಳೆಯ ಸೀರೆಯ ತುಂಡೊಂದನ್ನು ನಾನೇ ಹಾಸಿಕೊಟ್ಟೆ. ಲ್ಯಾಪ್‌ಟಾಪನ್ನು ಬೋರಲು ಹಾಕಿ ತಿರುಪುಗಳನ್ನು ಬಿಚ್ಚಿ ತಟ್ಟೆಯಲ್ಲಿಟ್ಟಳು. ಅಡಿಯ ಮುಚ್ಚಳ ಎದ್ದುಬಂತು. ಪುಟ್ಟ ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಆ ಧೂಳಿನ ಒಳಗೆಲ್ಲ ಕೆಂಪು. ವರ್ಷ ವರ್ಷದ ಕುಂಕುಮ. ಅದರಲ್ಲಿ ಸಿಕ್ಕಿಕೊಂಡ ಸೇವಂತಿಗೆಯ ಒಣ ಎಸಳು.

"ಉಸಿರಾಡಕ್ಕೆ ಜಾಗಾನೇ ಇರ್ಲಿಲ್ಲ ನೋಡಮ್ಮ ಇದಕ್ಕೆ. ಕಾದು ಕಾದು ನಿಧಾನ ಆಗೋಗಿದೆ," ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

ಬ್ರಷ್ ಆಡಿಸಿದ ಹಾಗೆಲ್ಲ ಸೀರೆಯ ಮೇಲೆ ಕೆಂಪು ಪುಡಿ ಉದುರಿತು. ಸಾವಿನ ವರ್ಷವೆಂದು ಈ ಸಲ ನಾವು ಹಬ್ಬ ಮಾಡಿರಲಿಲ್ಲ. ಅವರ ಬೆರಳಿನಿಂದ ಬಿದ್ದದ್ದರ ಮೇಲೆ ಬೇರೆ ಯಾರ ಕೈಯದೂ ಬಿದ್ದಿರಲಿಲ್ಲ. ಒಂದು ಚಿಟಿಕೆ ತೆಗೆದುಕೊಂಡೆ. ಕೈ ಅಭ್ಯಾಸಬಲದಿಂದ ಹಣೆಯ ಕಡೆ ಎದ್ದು, ಅರ್ಧದಲ್ಲೇ ನಿಂತಿತು.

ಮಗಳು ಮುಚ್ಚಳ ಬಿಗಿದು, ಮತ್ತೆ ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ನಾನು ಕೈಮುಗಿಯುವುದರೊಳಗೆ ಪರದೆ ತೆರೆದುಕೊಂಡಿತು. ಸದ್ದಿಲ್ಲ. ಬೀದಿಯಲ್ಲಿ ಆಟೋ ತಿರುಗಿದ್ದು ಕೇಳಿತು, ಗೋಡೆಯ ಗಡಿಯಾರ ಕೇಳಿತು. ದೇವರಮನೆಯ ಪಕ್ಕದ ಆ ಮೂಲೆಯಿಂದ ಏನೂ ಇಲ್ಲ.

ಮಗಳು ಪರದೆಯ ಕಡೆಯೇ ನೋಡುತ್ತಾ ಮೆಲ್ಲಗೆ ಹೇಳಿದಳು. "ಫ್ಯಾನು ಕಟ್ಕೊಂಡಿದೆ ಅಂತ ನಂಗೆ ಯಾವತ್ತೋ ಗೊತ್ತಿತ್ತಮ್ಮ. ನೀನು ಅಪ್ಪನ ಹತ್ರ ಮಾತಾಡ್ತಿದ್ದೆ. ಅದಕ್ಕೇ ಬಿಟ್ಟಿದ್ದೆ."

ಇಷ್ಟು ದಿನ ಆ ನಿಧಾನವನ್ನು ಅವಳು ನನಗಾಗಿ ಸಹಿಸಿದ್ದಳು. ಇಂಥವಳನ್ನು ಕೊಟ್ಟ ದೇವರ ಮುಂದೆ ಇನ್ನೇನು ದೂರು ಹೇಳಲಿ? ಅವಳ ತಲೆ ಸವರಿದೆ. ಕೆಂಪು ಅವಳ ಬೈತಲೆಗೆ ಅಂಟಿತು. ಅಪ್ಪನ ಕುಂಕುಮ, ಇರಲಿ ಎಂದು ಒರೆಸಲಿಲ್ಲ.

ಸೀರೆಯ ತುಂಡಿನ ನಾಲ್ಕು ಮೂಲೆ ಸೇರಿಸಿ ಎತ್ತಿಕೊಂಡು ಹೋಗಿ ತುಳಸಿಯ ಬುಡಕ್ಕೆ ಕೊಡವಿ ಬಂದೆ. ಉಳಿದ ಅವರೆಯನ್ನು ಹಿತುಕಿ ಬೇಯಲು ಇಟ್ಟು, ಸಾರಿಗೆ ಕಾಯಿ, ಕೊತ್ತಂಬರಿ ಹಾಕಿ ಮಿಕ್ಸಿ ತಿರುಗಿಸಿದೆ. ಮಸಾಲೆ ನುಣ್ಣಗಾಗಿತ್ತು. ನಿಲ್ಲಿಸಿದೆ. ನಡುಮನೆಯ ಮೌನ ಅಡುಗೆಮನೆಯ ಬಾಗಿಲವರೆಗೂ ಬಂದು ನಿಂತಿತ್ತು. ಒಂದಿಷ್ಟು ನೀರು ಹಾಕಿ, ಇನ್ನೊಂದು ಸುತ್ತು ತಿರುಗಿಸಿದೆ.