ಮೊದಲ ಗುದ್ದಲಿ

ದೊಡ್ಡಮುನಿಯಮ್ಮನ ಬಾಯಿಗೆ ಹೆದರದವರು ಸೂಳಗಿರಿ ಸೀಮೆಯಲ್ಲೇ ಇರಲಿಲ್ಲ. ಆ ಬಾಯಿ ಮುಚ್ಚುತ್ತಿದ್ದದ್ದು ಮೊಹರಮ್ಮಿನ ಬಾಬಯ್ಯನ ಪಂಜಾದ ಮುಂದೆ ಮಾತ್ರ. ಹುಟ್ಟಿದ ಕೂಸುಗಳನ್ನೆಲ್ಲ ಮಣ್ಣು ಮಾಡಿ, ಕೊನೆಗೆ ಆ ಬೆಳ್ಳಿಯ ಹಸ್ತಕ್ಕೆ 'ನಿನ್ನ ಹಬ್ಬ ತಪ್ಪಿಸಾಕಿಲ್ಲ' ಅಂತ ಹರಕೆ ಹೊತ್ತು ಒಬ್ಬ ಮಗನನ್ನು ಉಳಿಸಿಕೊಂಡವಳು ಅವಳು. ಅವನಿಗೆ ಫಕೀರಪ್ಪ ಅಂತಲೇ ಹೆಸರಿಟ್ಟಳು. ವರ್ಷಾ ವರ್ಷ ಮೊಹರಮ್ಮಿಗೆ ಬೆಂಕಿಗುಂಡಿ ತೋಡುವಾಗ ಮೊದಲ ಗುದ್ದಲಿ ಅವಳ ಮನೆಯದು. ಆಮೇಲೆ ಊರಿನವರು, ಕೊನೆಗೆ ಪಂಜಾ ಹೊರುವ ಇಮಾಮ್ ಸಾಬಿ. ಅಜ್ಜಂದಿರ ಕಾಲದ ಕಟ್ಟಳೆ.

ನಲವತ್ತಾರನೇ ಇಸವಿ. ಮನೆಯ ಪರವಾಗಿ ಅಗೆಯುತ್ತಿದ್ದ ಗಂಡ ಮುತ್ತರಾಯಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ; ಫಕೀರಪ್ಪ ಗುದ್ದಲಿ ಎತ್ತಲಾರದ ಹುಡುಗ. ದೂರದ ಊರುಗಳಲ್ಲಿ ಹಿಂದೂ ಮುಸಲ್ಮಾನರ ಗಲಭೆಯಾಗಿ, ಬಿಳಿಯರ ಸರ್ಕಾರಕ್ಕೆ ಎಲ್ಲಿ ನೋಡಿದರೂ ಅದೇ ಗುಮಾನಿ. ಸಬ್ ಇನ್‌ಸ್ಪೆಕ್ಟರ್ ಗುಂಡಿ ತೋಡುವ ದಿನ ಬಂದವನೇ, "ಇದು ಮುಸಲ್ಮಾನರ ಹಬ್ಬ. ಹಿಂದೂಗಳು ಗುಂಡಿ ಮುಟ್ಟಕೂಡದು," ಅಂದ.

ಇಮಾಮ್ ಸಾಬಿ ಕೈಕಟ್ಟಿ ನಿಂತ. "ಸ್ವಾಮಿ, ಆ ಮನೆಯೋರು ಅಗೀದೆ ನಾನು ಗುದ್ದಲಿ ಮುಟ್ಟಾಕಿಲ್ಲ. ನಮ್ಮಪ್ಪನೂ ಮುಟ್ಟಿಲ್ಲ."

"ಹಾಗಾದರೆ ಹಬ್ಬವೇ ಬೇಡ!"

ಊರಗೌಡ ಅಶ್ವತ್ಥಪ್ಪ ನೆಲ ನೋಡಿದ. ಹಬ್ಬ ನಿಂತರೆ ಹರಕೆ ತಪ್ಪಿತು. ಹರಕೆ ತಪ್ಪಿದರೆ ಫಕೀರಪ್ಪನ ಗತಿ? ದೊಡ್ಡಮುನಿಯಮ್ಮನಿಗೆ ಬಂತು ನೋಡಿ ಸಿಟ್ಟು! ಗಂಡನ ಗುದ್ದಲಿ ಎತ್ತಿಕೊಂಡು ಬಂದೇಬಿಟ್ಟಳು.

"ಅಕ್ಕಯ್ಯ, ತಾಳಿ ಇಲ್ದೋಳು ಮುಟ್ಬಾರ್ದು," ಅಂದಳು ಓರಗಿತ್ತಿ ರಾಮಕ್ಕ.

"ಗಂಡ ಸತ್ತವ್ನೆ, ಹರಕೆ ಸತ್ತಿಲ್ಲ ಕಣೇ. ಸುಮ್ಕಿರು."

ಮೂರು ಏಟು ಹಾಕಿದಳು. ಮಣ್ಣು ಹಾರಿ ಸಬ್ ಇನ್‌ಸ್ಪೆಕ್ಟರನ ಬೂಟಿನ ಮೇಲೆ ಬಿತ್ತು.

"ಏಯ್, ನಿನ್ನದು ಯಾವ ಮತ?"

"ಹೊಲದಲ್ಲಿ ಮುನೇಶ್ವರ, ಇಲ್ಲಿ ಬಾಬಯ್ಯ. ಅವರಿಬ್ರೂ ಜಗಳ ಆಡಿದ್ದು ನಾನ್ ಕಾಣೆ. ಮಧ್ಯದಲ್ಲಿ ನಿಂದೇನು ಕಿತಾಪತಿ?"

ಅವಳನ್ನು ಠಾಣೆಗೆ ಎಳೆದೊಯ್ದು ಕೂಡಿಹಾಕಿದರು. ಮಾರನೆಯ ದಿನ ಹೊತ್ತಿಳಿಯುವಾಗ ಬಿಟ್ಟರು. ನಡೆದೇ ಊರಿಗೆ ಬಂದಳು.

ಗುಂಡಿ ಅವಳು ಬಿಟ್ಟುಹೋದಷ್ಟೇ ಇತ್ತು. ಪಕ್ಕದಲ್ಲಿ ಇಮಾಮ್ ಸಾಬಿ ಗುದ್ದಲಿ ಹಿಡಿದು ಒಬ್ಬನೇ ಕೂತಿದ್ದ. ಪಾಪ, ಅವನ ಸರದಿ ಕೊನೆಯದು. ಕಾವಲಿನ ಪೇದೆ ಬೀಡಿ ಸೇದುತ್ತಿದ್ದ. ಊರ ಗಂಡಸರೆಲ್ಲ ಜಗಲಿ ಹಿಡಿದಿದ್ದರು.

ದೊಡ್ಡಮುನಿಯಮ್ಮ ಎರಡೂ ಬೋಳು ಕೈ ಎತ್ತಿ ತೋರಿಸಿದಳು. "ಏನ್ರಲಾ! ನನ್ ಕೈಯಿಂದ ತೆಗೆಸಿದ ಬಳೇನ ನೀವು ತೊಟ್ಕೊಂಡಿದ್ದೀರಾ?"

ಮೊದಲು ಎದ್ದವನು ಗೌಡ. ಅವನ ಹಿಂದೆ ಉಳಿದವರು. ಒಬ್ಬಂಟಿ ಪೇದೆ ಬೀಡಿ ಆರಿಸಿ ಪಕ್ಕಕ್ಕೆ ಸರಿದ. ಇಮಾಮ್ ಸಾಬಿಯ ಸರದಿ ಬರುವಷ್ಟರಲ್ಲಿ ಗುಂಡಿ ಸೊಂಟದಾಳ ಆಗಿತ್ತು.

ಆಮೇಲೆ ಬದುಕಿದ್ದಷ್ಟು ವರ್ಷವೂ ಆ ಮೊದಲ ಗುದ್ದಲಿಯನ್ನು ಅವಳು ಫಕೀರಪ್ಪನಿಗೂ ಬಿಟ್ಟುಕೊಡಲಿಲ್ಲ.