ಪಾದ್ರಿಗಳ ಕಣ್ಣಿಗೆ ಬಿದ್ದ ಮಣ್ಣು

ಎತ್ತಿನ ದಲ್ಲಾಳಿಯೊಬ್ಬ ಕ್ರೈಸ್ತ ಪಾದ್ರಿಗಳ ಕೈಯನ್ನು ಹೆಗಲವಸ್ತ್ರದ, ಅಂದರೆ ವಲ್ಲಿಯ, ಕೆಳಗೆ ಹಿಡಿದುಕೊಂಡು ಕೂತದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ತಿರುಮಕೂಡಲು ನರಸೀಪುರದಲ್ಲಿ ಮೊನ್ನೆಮೊನ್ನೆ ಕಂಡವರಿದ್ದಾರೆ. ಆ ದಲ್ಲಾಳಿ ನಾನೇ.

(ನಗಬೇಡಿ. ವ್ಯಾಪಾರಕ್ಕೆ ಹೋದದ್ದಲ್ಲ. ಪಾದ್ರಿಗಳ ಹತ್ತಿರ ಇರುವುದು ಒಂದು ಮುದಿ ಕುದುರೆ. ಅದನ್ನು ಬಿಟ್ಟಿ ಕೊಟ್ಟರೂ ನಾನು ಮುಟ್ಟುವವನಲ್ಲ.)

ವಿಷಯ ಹೀಗೆ. ನನ್ನ ಅಕ್ಕನ ಮಗಳು ತಾಯಮ್ಮನಿಗೆ ಹುಲ್ಲಹಳ್ಳಿಯ ಮಾದಪ್ಪನನ್ನು ಗೊತ್ತುಮಾಡಿದವನು ನಾನು. ಹುಡುಗನಿಗೆ ಗದ್ದೆ ಇದೆ, ಗುಣ ಇದೆ. ಹುಡುಗಿಗೂ ಮನಸ್ಸಿದೆ. ಆದರೆ ಮಾದಪ್ಪನಿಗೆ ಕುಸ್ತಿಯ ಹುಚ್ಚು. ಹುಡುಗಿಯ ತಂದೆ, ಅಂದರೆ ನಮ್ಮ ಭಾವ ಪುಟ್ಟೇಗೌಡರಿಗೆ ಆ ಹುಚ್ಚು ಅವನಿಗಿಂತ ಒಂದು ಹಿಡಿ ಹೆಚ್ಚು. ವೀಳ್ಯಶಾಸ್ತ್ರದ ದಿನ, ಊರವರೆಲ್ಲ ಕೂತಿರುವಾಗ, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಅಂದುಬಿಟ್ಟರು:

"ಬೆನ್ಗೆ ಮಣ್ಣು ಅಂಟುಸ್ಕಂಡೋನ್ಗೆ ನಾನು ಎಣ್ಣು ಕೊಡಾಕಿಲ್ಲ ಕಣ್ರಪ್ಪಾ! ಮದ್ವೆಗೆ ಮುಂಚೆ ಅಳಿಮಯ್ಯ ಎಲ್ಲಾರ ಚಿತ್ ಆದ್ನೋ, ಸಂಬಂದ ಮುರ್ದಂಗೆ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಾಯಿಬಿಟ್ಟು ಹೇಳಿದ ಮಾತನ್ನು ಇಳಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಎತ್ತಿನ ವ್ಯಾಪಾರದಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದೇ ಇಲ್ಲ. ಇಬ್ಬರ ಕೈಮೇಲೆ ವಲ್ಲಿ ಹೊದಿಸಿ, ಬೆರಳು ಒತ್ತಿ ಮಾತಾಡುತ್ತೇವೆ. ಕೈ ಹಿಂದಕ್ಕೆ ಎಳೆದುಕೊಂಡರೆ ವ್ಯಾಪಾರ ಮುರಿಯಿತು. ಎಳೆದುಕೊಳ್ಳದಿದ್ದರೆ ಇನ್ನೂ ಆಸೆ ಇದೆ. ಯಾರ ಮರ್ಯಾದೆಗೂ ಕುಂದಿಲ್ಲ. ಹೆಣ್ಣು ಕೊಡುವವರೂ ಇದನ್ನು ಕಲಿತರೆ ಒಳ್ಳೆಯದು. ಇದು ನನ್ನ ಬುದ್ಧಿಮಾತು, ಪುಕ್ಕಟೆ.

ಆಮೇಲೆ ಈ ಮಾದಪ್ಪ ಮಾಡಿದ್ದೇನು? ಮದುವೆ ಹದಿನೈದು ದಿನ ಇದೆ ಅನ್ನುವಾಗ, ನಂಜನಗೂಡಿನಲ್ಲಿ ಇನ್ನಾಸಪ್ಪನ ಮೇಲೆ ಕುಸ್ತಿಗೆ ಒಪ್ಪಿಕೊಂಡು ಬಂದ! ಈ ಇನ್ನಾಸಪ್ಪ ನರಸೀಪುರದವನು. ಕೋಣದ ಕತ್ತು, ಹಸುಗೂಸಿನ ಮುಖ. ಸುಳಿ, ಗೊರಸು ನೋಡಿ ಹೊಟ್ಟೆ ಹೊರೆಯುವ ನನಗೆ ಜೋಡಿ ನೋಡಿದ ಕೂಡಲೇ ತಿಳಿಯಿತು. ಮಾದಪ್ಪ ಬೀಳುತ್ತಾನೆ.

ಒಪ್ಪಿದ ಕುಸ್ತಿಯಿಂದ ಹಿಂದೆ ಸರಿದರೆ ಮಾನ ಹೋಯಿತು. ಉಳಿದದ್ದು ಒಂದೇ ದಾರಿ. ಊರೂರಿಗೆ ಜಗಳ ಬೇಡವೆಂದು ಕುಸ್ತಿಯನ್ನು ಸಮಜೋಡಿ ಎಂದು ಬಿಡಿಸಿ, ಇಬ್ಬರಿಗೂ ರುಮಾಲು ಸುತ್ತಿ ಕಳಿಸುವುದು ನಮ್ಮ ಕಡೆ ಉಂಟು. ಅದನ್ನು ಹೇಳಬೇಕಾದವರು ಅಂಪೈರು. ಅಂಪೈರು ಯಾರು? ನರಸೀಪುರದ ಪಾದ್ರಿಗಳು!

"ಆಯಪ್ಪಂಗೆ ಎಂಡ್ರಿಲ್ಲ, ಮಕ್ಳಿಲ್ಲ, ನಂಟ್ರಿಲ್ಲ. ಯಾರ್ ಕಡೀಕೆ ವಾಲಾನು?" ಎಂದು ಎರಡೂ ಕಡೆಯವರು ಒಪ್ಪಿದ್ದರು. ಇನ್ನಾಸಪ್ಪನೂ ಕ್ರೈಸ್ತ, ಅವರ ಗುಡಿಗೇ ಹೋಗುವವನು, ನಿಜ. ಆದರೂ ಯಾರೂ ತಕರಾರು ತೆಗೆಯಲಿಲ್ಲ. ತಮ್ಮ ಶಾಲೆಯ ಹುಡುಗರು ಹೊಡೆದ ಗೋಲನ್ನೇ ಸಲ್ಲದು ಎಂದ ಮನುಷ್ಯ ಅವರು.

ನಾನು ಹೋದಾಗ ಅವರು ಕಾಲ್ಚೆಂಡಿನ ಬಿಚ್ಚಿದ ಹೊಲಿಗೆ ಹಾಕುತ್ತಿದ್ದರು. ಫ್ರೆಂಚರ ದೇಶದವರು. ಮಾತಾಡುವುದು ಮಾತ್ರ ಪುಸ್ತಕದ ಕನ್ನಡ. ನಾನು ಎಲ್ಲವನ್ನೂ ಹೇಳಿದೆ.

"ಒಂದು ಹೆಣ್ಣಿನ ಬಾಳು ಸ್ವಾಮಿ. ಸಮಜೋಡಿ ಅಂದ್ಬುಡಿ. ನಿಮ್ಗೇನು ಲುಕ್ಸಾನು?"

"ಬಿದ್ದವನನ್ನು ಬೀಳಲಿಲ್ಲ ಎಂದು ನಾನು ಹೇಳಬೇಕೇ, ದಲ್ಲಾಳಿಗಳೇ?"

"ಬಿದ್ರೆ ತಾನೆ ಸ್ವಾಮಿ?"

"ಬೀಳುವನೆಂದು ತಿಳಿದುದರಿಂದಲೇ ತಾವು ಬಂದಿದ್ದೀರಿ."

(ಇವರೇನಾದರೂ ಎತ್ತಿನ ಕಸುಬಿಗೆ ಇಳಿದಿದ್ದರೆ ನಾನು ಊರು ಬಿಡಬೇಕಿತ್ತು.)

ಸೂಜಿ ನಿಲ್ಲಿಸದೆ ಹೇಳಿದರು: "ಗುಡಿಯಲ್ಲಿ ಜನರು ನನ್ನೆದುರು ಒಳ್ಳೆಯವರ ಹಾಗೆ ನಿಲ್ಲುತ್ತಾರೆ. ಆಟದಲ್ಲಿ ಮಾತ್ರ ಇದ್ದ ಹಾಗೆ ಇರುತ್ತಾರೆ. ಅದಕ್ಕೇ ನನಗೆ ಆಟವೆಂದರೆ ಪ್ರೀತಿ. ಅಲ್ಲಿಗೂ ನಾನೇ ಸುಳ್ಳನ್ನು ಕೊಂಡೊಯ್ದರೆ, ಆಮೇಲೆ ಎಲ್ಲಿಗೆ ಹೋಗಲಿ?"

ಇನ್ನೊಂದು ಹೊಲಿಗೆ ಹಾಕಿ, "ಆ ಹುಡುಗಿ ಅಳುತ್ತಾಳೆಯೇ?" ಎಂದರು.

"ಅನ್ನ ಬುಟ್ಟವ್ಳೆ ಸ್ವಾಮಿ."

ಸೂಜಿ ನಿಂತಿತು. ನನಗೆ ಅಷ್ಟು ಸಾಕಾಗಿತ್ತು. ಹೆಗಲ ಮೇಲಿನ ವಲ್ಲಿ ತೆಗೆದೆ.

"ಬಾಯಲ್ಲಿ ಬ್ಯಾಡಿ ಸ್ವಾಮಿ. ಬಾಯಲ್ಲಿ ಯೋಳುದ್ರೆ ಸುಳ್ಳಾಯ್ತದೆ. ಕೈ ಕೊಡಿ ಇಲ್ಲಿ."

"ಮುಚ್ಚಿಕೊಳ್ಳುವುದು ಏಕೆ?"

"ಮಾನ ಉಳೀಲಿ ಅಂತ."

ಅವರು ವಲ್ಲಿಯನ್ನೇ ನೋಡಿದರು. "ಪಾಪ ಒಪ್ಪಿಕೊಳ್ಳಲು ಬಂದವರಿಗೂ ನಮಗೂ ನಡುವೆ ಒಂದು ಪರದೆ ಇರುತ್ತದೆ" ಎಂದು, ಯಾರಿಗೋ ಹೇಳಿದ ಹಾಗೆ ಹೇಳಿ, ಕೈ ನೀಡಿದರು. ನಾನು ಅವರ ಎರಡು ಬೆರಳನ್ನು ಜೋಡಿಸಿ ಒತ್ತಿದೆ. ಜೋಡಿ ಸಮ, ಅಂತ.

ಅವರು ತಿರುಗಿ ಒತ್ತಲಿಲ್ಲ. ಎಳೆದುಕೊಳ್ಳಲೂ ಇಲ್ಲ. ಬಿಸಿಲಿಗೆ ಕಾದ ಕಲ್ಲಿನ ಹಾಗೆ ಕೈ ಸುಮ್ಮನೆ ಬಿದ್ದಿತ್ತು. ನೂರಾರು ಕೈ ಓದಿದ ನನಗೆ ಇದೊಂದು ಓದಲಾಗಲಿಲ್ಲ. ಹೂಂ ಅಂತಲೋ, ಊಹೂಂ ಅಂತಲೋ?

ನಂಜನಗೂಡಿನ ಹೊಳೆಯ ದಂಡೆಯಲ್ಲಿ ಕುಸ್ತಿ ಶುರುವಾದಾಗ ಹೊತ್ತು ಇಳಿದಿತ್ತು. ಮಾದಪ್ಪ ಚೆನ್ನಾಗಿಯೇ ಹಿಡಿದ. ಆದರೆ ಇನ್ನಾಸಪ್ಪ ಸೊಂಟಕ್ಕೆ ಕೈ ಹಾಕಿದ, ಎತ್ತಿದ, ಒಗೆದ. ಎರಡೂ ಭುಜ ನೆಲ ಮುಟ್ಟಿದರೆ ತಾನೆ ಚಿತ್? ಅದನ್ನು ನೋಡಲು ಪಾದ್ರಿಗಳು ಬಿಳಿ ನಿಲುವಂಗಿಯಲ್ಲೇ ಮೊಣಕಾಲೂರಿ, ಕೆನ್ನೆಯನ್ನು ಮಣ್ಣಿನ ಹತ್ತಿರಕ್ಕೆ ತಂದರು. ನಾನು ಸರಿಯಾಗಿ ಅವರ ಹಿಂದೆ ಕೂತಿದ್ದೆ. ಮುಟ್ಟಿತು, ಓದುಗರೇ. ಎರಡೂ ಭುಜ ಮುಟ್ಟಿದವು.

ಅದೇ ಗಳಿಗೆಯಲ್ಲಿ ಮಾದಪ್ಪನ ಹಿಮ್ಮಡಿ ಒದ್ದ ಮಣ್ಣು ಹಾರಿ ಪಾದ್ರಿಗಳ ಕಣ್ಣಿಗೆ ಬಿತ್ತು!

"ಚಿತ್! ಚಿತ್!" ಎಂದು ಅರ್ಧ ಜನ. "ಎಲ್ಲಿ ಚಿತ್ತು? ನಿಮ್ಮಪ್ಪನ್ ತಲೆ!" ಎಂದು ಇನ್ನರ್ಧ. ಪಾದ್ರಿಗಳು ಕಣ್ಣು ತೊಳೆದುಕೊಳ್ಳುವಷ್ಟರಲ್ಲಿ ಇಬ್ಬರೂ ಎದ್ದು ನಿಂತಿದ್ದರು.

"ನನಗೆ ಕಾಣಲಿಲ್ಲ. ಕಾಣದ್ದನ್ನು ಹೇಳಲಾರೆ. ಮತ್ತೊಮ್ಮೆ ಹಿಡಿಯಿರಿ" ಎಂದರು.

ಮತ್ತೆ ಹಿಡಿದರೆ ಮಾದಪ್ಪ ಮತ್ತೆ ಬೀಳುವುದೇ. ಇನ್ನಾಸಪ್ಪ ಅವರ ಕೆಂಪು ಕಣ್ಣನ್ನು ನೋಡಿದ. ಮಾದಪ್ಪನನ್ನು ನೋಡಿದ. "ಬ್ಯಾಡಿ ಸ್ವಾಮಿ. ಸಮಾನೇ ಇರ್ಲಿ" ಅಂದ. ಹಿರಿಯರು ಇಬ್ಬರಿಗೂ ರುಮಾಲು ಸುತ್ತಿದರು.

ಆದರೆ ಎದುರು ದಿಕ್ಕಿನಲ್ಲಿ ಕೂತಿದ್ದ ನಮ್ಮ ಭಾವನಿಗೆ ಕಂಡದ್ದು ಇನ್ನಾಸಪ್ಪನ ಬೆನ್ನು ಮಾತ್ರ. ಅವರು ಬಿಡುತ್ತಾರೆಯೇ? ನೇರ ಬಂದರು.

"ಸ್ವಾಮಿ, ನಿಮ್ ದೇವ್ರಾಣೆ ಯೋಳಿ. ಆ ಮಾದ್ನ ಬೆನ್ಗೆ ಮಣ್ಣಂಟ್ತೋ ಇಲ್ವೋ?"

"ಗೌಡರೇ, ಮಣ್ಣು ನನ್ನ ಕಣ್ಣಿಗೆ ಅಂಟಿತು. ಅದೊಂದಕ್ಕೆ ಮಾತ್ರ ನಾನು ಆಣೆ ಇಡಬಲ್ಲೆ."

ಭಾವ ಇನ್ನಾಸಪ್ಪನ ಕಡೆ ತಿರುಗಿದರು. ಅವನು, "ಸ್ವಾಮಿಯೋರ್ಗೆ ಕಾಣ್ದೇ ಇರೋದು ನಂಗೇನ್ ಕಂಡಾತು ಗೌಡ್ರೆ?" ಎಂದು ರುಮಾಲು ಸರಿಮಾಡಿಕೊಂಡ.

ಭಾವ ನನ್ನ ಕಡೆ ತಿರುಗಿದರು. "ನೀನು ಇತ್ಲಾಗೇ ಕುಂತಿದ್ದಲ್ಲೋ. ನೀನ್ ಕಂಡ್ಯೇನ್ಲಾ?"

"ನಾನು ವಲ್ಲಿ ಕೊಡವ್ತಿದ್ದೆ ಭಾವ" ಅಂದೆ.

ಮದುವೆ ಆಯಿತು. (ಭಾವನಿಗೆ ಓದು ಬಾರದು. ಬರುವವರು ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.)

ಲಾಭದ ವ್ಯಾಪಾರ. ಆದರೂ ನನಗೆ ನೆಮ್ಮದಿ ಇಲ್ಲ. ಗೆದ್ದವನ ಗೆಲುವು ಎಲ್ಲಿ ಹೋಯಿತು? ಇನ್ನಾಸಪ್ಪ ಸಂತೆಯಲ್ಲಿ ಒಬ್ಬನೇ ಸಿಕ್ಕಾಗ ಕೇಳಿದೆ. "ಯಾಕ್ಲಾ ಎರಡ್ನೇ ಸಲ ಇಡೀಲಿಲ್ಲ?"

"ಬಿದ್ದೋನ್ಗೆ ಗೊತ್ತು. ಕೆಡವ್ದೋನ್ಗೆ ಗೊತ್ತು. ಇನ್ನೆಷ್ಟು ಜನುಕ್ ಗೊತ್ತಾಗ್ಬೇಕು ಯಜಮಾನ್ರೆ?" ಎಂದು ನಕ್ಕ. ನರಸೀಪುರದವರೆಗೂ ಗಾಡಿಯಲ್ಲಿ ಇದನ್ನೇ ಯೋಚಿಸಿದೆ. ನಾನಾಗಿದ್ದರೆ ಡಂಗುರ ಹೊಡೆಸುತ್ತಿದ್ದೆ.

ಪಾದ್ರಿಗಳಿಗೆ ಬಾಳೆಗೊನೆ ಕೊಟ್ಟೆ. ತಡೆಯಲಾಗದೆ ಕೇಳಿಯೂ ಬಿಟ್ಟೆ. "ಮಣ್ಣು ತಾನಾಗಿ ಬಿತ್ತಾ ಸ್ವಾಮಿ, ಇಲ್ಲ ನೀವೇ ಕಣ್ಣು ಕೊಟ್ರಾ?"

ಅವರು ಗೊನೆಯನ್ನು ಗೋಡೆಗೆ ಒರಗಿಸಿಟ್ಟರು.

"ಮಣ್ಣು ಹಾರಿ ಬರುವುದನ್ನು ಕಂಡೆ. ಕಣ್ಣು ಮುಚ್ಚಲು ಹೊತ್ತಿತ್ತು. ಏಕೆ ಮುಚ್ಚಲಿಲ್ಲವೋ ನನಗೇ ತಿಳಿಯದು. ದಿನವೂ ದೇವರನ್ನು ಕೇಳುತ್ತಿದ್ದೇನೆ."

"ದೇವ್ರು ಏನಂದ್ರು?"

"ಬೆರಳು ಒತ್ತಿಲ್ಲ, ದಲ್ಲಾಳಿಗಳೇ. ಕೈಯನ್ನು ಹಿಂದಕ್ಕೆ ಎಳೆದುಕೊಂಡೂ ಇಲ್ಲ."

ವ್ಯಾಪಾರ ಬಲ್ಲವರು ಯಾರಾದರೂ ಹೇಳಿ: ಇದು ಕುದುರಿತೋ, ಮುರಿಯಿತೋ?